ಮೆದುಳಿನ ಧಮನಿಗಳಲ್ಲಿ ಇಕ್ಕಟ್ಟೂ ಉಬ್ಬೂ

ಮೆದುಳಿಗೆ ರಕ್ತವನ್ನೊಯ್ಯುವ ಧಮನಿಗಳಿಗೆ ಬರುವ ಕೇಡುಗಳಲ್ಲಿ ಎರಡು ಪರಸ್ಪರ ವಿರುದ್ಧ ಸ್ವಭಾವದವು. ಒಂದರಲ್ಲಿ ನಾಳದ ಒಳಮೈ ದಪ್ಪವಾಗಿ ದಾರಿಯು ಇಕ್ಕಟ್ಟಾಗುವುದು. ಮುಂದಿನ ಭಾಗಕ್ಕೆ ರಕ್ತ ಸಾಲದೆ ಪಾರ್ಶ್ವವಾಯು ಬಡಿಯುವುದು. ಇನ್ನೊಂದರಲ್ಲಿ ನಾಳದ ಗೋಡೆಯು ಒಂದೆಡೆ ತೆಳುವಾಗಿ ಗುಳ್ಳೆಯಂತೆ ಉಬ್ಬುವುದು. ಅದು ಒಡೆದರೆ ತಲೆಬುರುಡೆಯೊಳಗೆ ರಕ್ತ ಹರಿದು ಪ್ರಾಣಕ್ಕೇ ಸಂಚಕಾರ. ಇವೆರಡೂ ಒಬ್ಬನಲ್ಲಿಯೇ ಕೂಡಿದಾಗ ವೈದ್ಯನ ಕೈ ತಡೆಯುವುದು. ಇಕ್ಕಟ್ಟನ್ನು ಬಿಡಿಸಿದರೆ ರಕ್ತದ ರಭಸವು ಉಬ್ಬಿನ ಮೇಲೆ ಹೆಚ್ಚಬಹುದು. ಉಬ್ಬಿಗೆ ಅಂಜಿ ರಕ್ತದೊತ್ತಡವನ್ನು ತೀರ ಇಳಿಸಿದರೆ ಇಕ್ಕಟ್ಟಿನಾಚೆಯ ಮೆದುಳು ಬಡವಾಗುವುದು. ರಕ್ತವು ಹೆಪ್ಪುಗಟ್ಟದಂತೆ ಕೊಡುವ ಔಷಧವು ಒಂದಕ್ಕೆ ಹಿತ. ಇನ್ನೊಂದು ಒಡೆದುದೇ ಆದರೆ ಅದೇ ಔಷಧ ಅಹಿತ.

ಈ ತೊಡಕಿನ ಚರಿತ್ರೆ ಆಕ್ಸ್‌ಫರ್ಡಿನ ಥಾಮಸ್ ವಿಲ್ಲಿಸನಿಂದ ಮೊದಲಾಗುವುದು. 1664ರಲ್ಲಿ ಅವನು ಲ್ಯಾಟಿನ್ ಭಾಷೆಯಲ್ಲಿ ಮೆದುಳಿನ ರಚನೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಅದಕ್ಕೆ ಚಿತ್ರಗಳನ್ನು ಬರೆದವನು, ಮುಂದೆ ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು ಕಟ್ಟಿಸಿ ಹೆಸರಾದ ಕ್ರಿಸ್ಟೊಫರ್ ರೆನ್. ಕತ್ತಿನಿಂದ ಮೇಲೇರಿ ಬರುವ ನಾಲ್ಕು ಧಮನಿಗಳು ಮೆದುಳಿನ ಬುಡದಲ್ಲಿ ಒಂದನ್ನೊಂದು ಕೂಡಿ ಬಳೆಯಂತಹ ವಲಯವಾಗುವುದನ್ನು ಅಲ್ಲಿ ವರ್ಣಿಸಿದೆ. ಆ ವಲಯವನ್ನು ಮೊದಲು ಕಂಡವನು ವಿಲ್ಲಿಸನೇನೂ ಅಲ್ಲ. ಅದರ ಪ್ರಯೋಜನವನ್ನು ತಿಳಿದು ಹೇಳಿದುದು ಅವನ ಹಿರಿಮೆ. ಒಂದು ಧಮನಿಗೆ ಬಣ್ಣದ ನೀರನ್ನು ತುಂಬಿದರೆ ಅದು ಇತರ ಧಮನಿಗಳಲ್ಲಿಯೂ ಕಾಣಿಸಿಕೊಳ್ಳುತ್ತಿತ್ತು. ಹೊಟ್ಟೆಯ ಗಡ್ಡೆಯಿಂದ ಸತ್ತ ಒಬ್ಬನ ದೇಹವನ್ನು ಸೀಳಿ ನೋಡಿದಾಗ ಬಲಗಡೆಯ ಕಂಠಧಮನಿಯು ಕಲ್ಲಿನಂತಾಗಿ ಬಹುಮಟ್ಟಿಗೆ ಮುಚ್ಚಿಹೋಗಿದ್ದಿತು. ಆದರೂ ಬದುಕಿರುವವರೆಗೆ ಅವನಿಗೆ ಪಾರ್ಶ್ವವಾಯು ತಟ್ಟಿರಲಿಲ್ಲ. ಅದೇ ಮಗ್ಗುಲಿನ ಬೆನ್ನುಕಂಬದ ಧಮನಿಯು ಇನ್ನೊಂದರ ಮೂರರಷ್ಟು ದಪ್ಪವಾಗಿ ಬೆಳೆದು ಕೊರತೆಯನ್ನು ತುಂಬಿತ್ತು. ಒಂದು ಕಾಲುವೆ ಹೂತುಹೋದರೆ ನೆರೆಯ ಕಾಲುವೆಯು ಗದ್ದೆಗೆ ನೀರೂಡುವಂತೆ. ಆ ನೆರೆಯ ಕಾಲುವೆಯ ಏರಿಯು ಹೆಚ್ಚಿದ ನೀರನ್ನು ತಾಳೀತೇ ಎಂಬ ಪ್ರಶ್ನೆ ಮಾತ್ರ ಆಗ ಏಳಲಿಲ್ಲ.

ಅದು ಎದ್ದುದು ಶಸ್ತ್ರವೈದ್ಯರ ಕೈಯಿಂದ. ಲಂಡನ್ನಿನ ಆಸ್ಟ್ಲಿ ಕೂಪರನು 1805ರಲ್ಲಿ, ಕತ್ತಿನ ಉಬ್ಬನ್ನು ಅಡಗಿಸಲು ಕಂಠಧಮನಿಗೆ ದಾರ ಬಿಗಿದನು. ಆ ರೋಗಿ ಬದುಕಲಿಲ್ಲ. 1808ರಲ್ಲಿ ಮತ್ತೊಬ್ಬನಿಗೆ ಹಾಗೆಯೇ ಮಾಡಲು ಅವನು 13 ವರ್ಷ ಬಾಳಿದನು. ಮುಂದೆ ತಲೆಬುರುಡೆಯೊಳಗಿನ ಉಬ್ಬುಗಳಿಗೂ ಈ ಉಪಾಯವೇ ಬಳಕೆಗೆ ಬಂದಿತು. ಇದನ್ನು ಚೆನ್ನಾಗಿ ನೋಡಿದರೆ, ಒಂದು ರೋಗವನ್ನು ಗುಣಪಡಿಸಲು ಇನ್ನೊಂದನ್ನು ಬೇಕೆಂದೇ ಉಂಟುಮಾಡಿದಂತೆಯೇ ಸರಿ. ಹೀಗೆ ಧಮನಿಯನ್ನು ಕಟ್ಟಿಸಿಕೊಂಡ ಕೆಲವರಲ್ಲಿ, ಅನೇಕ ವರ್ಷಗಳ ತರುವಾಯ, ಭಾರವನ್ನೆಲ್ಲ ಹೊತ್ತ ಎದುರು ಮಗ್ಗುಲಿನ ನಾಳಗಳಲ್ಲಿ ಹೊಸ ಉಬ್ಬುಗಳು ಕಂಡುಬಂದುವು.

ಬದುಕಿರುವವನ ಮೆದುಳಿನ ಧಮನಿಗಳನ್ನು ಕಣ್ಣಿಗೆ ಕಾಣಿಸಿದವನು ಲಿಸ್ಬನ್ನಿನ ಎಗಾಸ್ ಮೊನಿಜ್. 1927ರಲ್ಲಿ ಕಂಠಧಮನಿಗೆ ಅಯೊಡಿನ್ ಲವಣದ ದ್ರವವನ್ನು ಹೊಗಿಸಿ ಕ್ಷಕಿರಣದ ಚಿತ್ರವನ್ನು ತೆಗೆದನು. (ಅವನಿಗೆ 1949ರಲ್ಲಿ ನೊಬೆಲ್ ಬಹುಮಾನ ದೊರೆತುದು ಇದಕ್ಕಲ್ಲ, ಇಂದು ಯಾರೂ ಮೆಚ್ಚದ ಬೇರೊಂದು ಶಸ್ತ್ರಕ್ರಿಯೆಗೆ.) 1937ರಲ್ಲಿ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿಯು ಉಬ್ಬಿನ ಕೊರಳಿಗೇ ಬೆಳ್ಳಿಯ ಚಿಮಟಿಯನ್ನು ಹಾಕಿ, ಧಮನಿಯನ್ನು ಉಳಿಸಿಕೊಂಡನು. 1950ರ ದಶಕದಲ್ಲಿ ಕಂಠಧಮನಿಯ ಇಕ್ಕಟ್ಟನ್ನು ಶಸ್ತ್ರದಿಂದ ಬಿಡಿಸುವ ಕ್ರಮವು ಮೊದಲಾಯಿತು. ಉತ್ತರ ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯು, ದಾರಿಯು 70 ಪಾಲು ಮೀರಿ ಮುಚ್ಚಿ ರೋಗಲಕ್ಷಣವೂ ತೋರಿದವರಲ್ಲಿ ಎರಡು ವರ್ಷಗಳೊಳಗಿನ ಪಾರ್ಶ್ವವಾಯುವು ಇದರಿಂದ ನೂರಕ್ಕೆ 26ರಿಂದ 9ಕ್ಕೆ ಇಳಿಯಿತೆಂದು ತೋರಿಸಿತು. ಅಂಥವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಒಡೆಯದ ಸಣ್ಣ ಉಬ್ಬೂ ಇರುವುದುಂಟು. ಉಬ್ಬು ಚಿಕ್ಕದಾದರೆ ಸಾಮಾನ್ಯವಾಗಿ ಇಕ್ಕಟ್ಟನ್ನೇ ಮೊದಲು ಬಿಡಿಸುವರು. ದೊಡ್ಡದಾದರೆ ಅಥವಾ ಹಿಂದೆ ಒಡೆದಿದ್ದರೆ ಲೆಕ್ಕವೇ ಬೇರೆ.

ಆದರೆ ಇವೆರಡರ ನಂಟನ್ನು ತೀರ ಸ್ಪಷ್ಟವಾಗಿ ತೋರಿಸಿಕೊಟ್ಟುದು ಜಪಾನು. ಸೆಂದಾಯಿಯ ಸುಜುಕಿ, ತಕಾಕು ಎಂಬ ವೈದ್ಯರು 1969ರಲ್ಲಿ ಒಂದು ವಿಚಿತ್ರ ರೋಗಕ್ಕೆ ‘ಮೋಯಮೋಯ’ ಎಂದು ಹೆಸರಿಟ್ಟರು. ಗಾಳಿಯಲ್ಲಿ ತೇಲುವ ಹೊಗೆಯ ಮಬ್ಬಿಗೆ ಅಲ್ಲಿಯ ಜನರು ಆಡುವ ಮಾತು ಅದು. ಈ ರೋಗದಲ್ಲಿ ಕಂಠಧಮನಿಗಳ ತುದಿಯು ಎರಡು ಮಗ್ಗುಲಲ್ಲಿಯೂ ವರ್ಷವರ್ಷಕ್ಕೂ ಕಿರಿದಾಗುವುದು. ಹಸಿದ ಮೆದುಳಿಗೆ ರಕ್ತವನ್ನು ತರಲು ಕೂದಲೆಳೆಯಂತಹ ಅಸಂಖ್ಯ ನಾಳಗಳು ಹಿಗ್ಗಿ, ಚಿತ್ರದಲ್ಲಿ ಹೊಗೆಯಂತೆ ತೋರುವುವು. ಹೊರೆಯು ಆ ಸಣ್ಣ ನಾಳಗಳ ಮೇಲೂ ಹಿಂಬದಿಯ ಧಮನಿಯ ಮೇಲೂ ಬಿದ್ದು, ಕೆಲವರಲ್ಲಿ ಅಲ್ಲಿಯೇ ಉಬ್ಬುಗಳು ಏಳುವುವು. ಮಕ್ಕಳಲ್ಲಿ ಹೆಚ್ಚಾಗಿ ರಕ್ತದ ಕೊರತೆಯೂ ದೊಡ್ಡವರಲ್ಲಿ ಅದರೊಡನೆ ರಕ್ತಸ್ರಾವವೂ ಕಾಣುವುದು ಇದರಿಂದಲೇ.

ಇದಕ್ಕೆ ಮದ್ದಾದುದು ಜ್ಯೂರಿಕ್ಕಿನಲ್ಲಿ ಯಾಸರ್ಗಿಲ್ 1967ರಲ್ಲಿ ಮಾಡಿದ ಹೊಲಿಗೆ. ನೆತ್ತಿಯ ಚರ್ಮದ ಧಮನಿಯನ್ನು ಬುರುಡೆಯ ರಂಧ್ರದಿಂದ ಒಳಕ್ಕೆ ತಂದು ಮೆದುಳಿನ ಧಮನಿಗೆ ಸೂಕ್ಷ್ಮದರ್ಶಕದಡಿಯಲ್ಲಿ ಕೂಡಿಸುವ ಈ ಕೆಲಸವು ಸಾಮಾನ್ಯ ಇಕ್ಕಟ್ಟಿಗೆ ಉಪಯೋಗಕಾರಿಯಲ್ಲವೆಂದು 1985ರ ಪರೀಕ್ಷೆಯು ತೀರ್ಪಿತ್ತರೂ, ಮೋಯಮೋಯ ರೋಗಿಗಳಲ್ಲಿ ಅದು ನಿಂತಿತು. ಇಲ್ಲಿ ಕೊರತೆಯನ್ನು ನೀಗಿಸುವುದೂ ರಭಸವನ್ನು ತಗ್ಗಿಸುವುದೂ ಒಂದೇ ಹೊಲಿಗೆಯಿಂದ. ಹೊಸ ದಾರಿಯಿಂದ ರಕ್ತವು ಬರತೊಡಗಿದ ಮೇಲೆ ಹೊಗೆಯ ನಾಳಗಳು ಸೊರಗಿ, ಅವುಗಳ ಮೇಲಿನ ಸಣ್ಣ ಉಬ್ಬುಗಳು ಮುಂದಿನ ಚಿತ್ರಗಳಲ್ಲಿ ಮಾಯವಾದುದನ್ನು ವೈದ್ಯರು ಕಂಡಿರುವರು. ಒಮ್ಮೆ ರಕ್ತಸ್ರಾವವಾದ 80 ಮಂದಿಯ ಮೇಲೆ ಜಪಾನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೊಲಿಗೆಯಿಲ್ಲದವರಲ್ಲಿ ನೂರಕ್ಕೆ 31ಕ್ಕಿಂತ ಹೆಚ್ಚು ಮಂದಿಗೆ ಮತ್ತೆ ರಕ್ತಸ್ರಾವವಾಯಿತು. ಹೊಲಿಸಿಕೊಂಡವರಲ್ಲಿ ನೂರಕ್ಕೆ 12ರಷ್ಟು ಮಂದಿಗೆ.