ಎರಡು ಸೂರ್ಯೋದಯಗಳ ಹಾದಿ

ಭೂಗೋಳದ ಮೇಲ್ಮೈಯಲ್ಲಿ ಎರಡು ಊರುಗಳನ್ನು ಸೇರಿಸುವ ಅತಿ ಹತ್ತಿರದ ದಾರಿಗೆ ಮಹಾವೃತ್ತ ಮಾರ್ಗವೆಂದು ಹೆಸರು. ಅದರ ಪ್ರಕಾರ ಲಂಡನ್ನಿಗೂ ಸಿಡ್ನಿಗೂ ನಡುವೆ ಸುಮಾರು 17,000 ಕಿಲೋಮೀಟರ್ ಅಂತರವಿದೆ. ಈ ಹಾದಿಯ ಪ್ರಯಾಣಕಾಲ ಒಂದು ಶತಮಾನದಲ್ಲಿ ಕುಗ್ಗಿದ್ದಕ್ಕೆ ವಿಮಾನಗಳ ವೇಗವೇ ಕಾರಣವೆಂಬ ಮಾತು ರೂಢಿಯಲ್ಲಿದ್ದರೂ, ನೆಲದ ಮೇಲೆ ಕಳೆಯಬೇಕಾಗಿದ್ದ ಹೊತ್ತು ಇಲ್ಲವಾದದ್ದು ಅದಕ್ಕಿಂತ ದೊಡ್ಡ ಕಾರಣ. 1919ರಲ್ಲಿ ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸಹೋದರರು ವಿಕರ್ಸ್ ವಿಮಿ ವಿಮಾನದಲ್ಲಿ ನವೆಂಬರ್ 12ರಂದು ಲಂಡನ್ ಬಿಟ್ಟು ಡಿಸೆಂಬರ್ 10ರಂದು ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಮುಟ್ಟಿದರು. ಆ 28 ದಿನಗಳಲ್ಲಿ ಅವರು ಗಾಳಿಯಲ್ಲಿದ್ದದ್ದು ಸುಮಾರು 135 ಗಂಟೆ ಮಾತ್ರ.

1938ರ ಹೊತ್ತಿಗೆ ಈ ಮಾರ್ಗದಲ್ಲಿ ಫ್ಲೈಯಿಂಗ್ ಬೋಟುಗಳು, ಅಂದರೆ ದೋಣಿಯಾಕಾರದ ಒಡಲಿನಿಂದ ನೀರಿನ ಮೇಲೆಯೇ ಇಳಿದು ಏಳುವ ವಿಮಾನಗಳು, ಓಡಾಡತೊಡಗಿದವು. ರಾಜಸ್ಥಾನದ ರಾಜಸಮಂದ್ ಸರೋವರವೂ ಅವುಗಳ ತಂಗುದಾಣಗಳಲ್ಲೊಂದಾಗಿತ್ತು. ರಾತ್ರಿಯಾದರೆ ಪ್ರಯಾಣಿಕರು ದಡದ ಹೋಟೆಲುಗಳಲ್ಲಿ ಮಲಗಿ ಬೆಳಗ್ಗೆ ಮತ್ತೆ ಹೊರಡುತ್ತಿದ್ದುದರಿಂದ ಪ್ರಯಾಣಕ್ಕೆ ಒಂಬತ್ತು ಹತ್ತು ದಿನ ಹಿಡಿಯುತ್ತಿತ್ತು.

1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನೀಯರ ವಶವಾಗಿ ಈ ಸರಪಳಿ ಕಡಿಯಿತು. ಅದನ್ನು ಮತ್ತೆ ಬೆಸೆಯಲು ಕ್ವಾಂಟಾಸ್ ಸಂಸ್ಥೆ 1943ರಿಂದ 1945ರವರೆಗೆ ನಡೆಸಿದ ಸೇವೆ ಈ ಇತಿಹಾಸದ ಅತ್ಯಂತ ಧೀರ ಅಧ್ಯಾಯ. ಪರ್ತ್‌ನಿಂದ ಸಿಂಹಳದ ಗಾಲೆ ಸಮೀಪದ ಕೊಗ್ಗಲ ಸರೋವರಕ್ಕೆ 5,600 ಕಿಲೋಮೀಟರಿಗೂ ಮಿಕ್ಕಿದ ಹಿಂದೂ ಮಹಾಸಾಗರವನ್ನು ಕ್ಯಾಟಲೈನಾ ಫ್ಲೈಯಿಂಗ್ ಬೋಟುಗಳು ಎಲ್ಲಿಯೂ ನಿಲ್ಲದೆ ದಾಟಬೇಕಾಗಿತ್ತು. ಒಡಲು ತುಂಬ ಇಂಧನವೇ ಇರುತ್ತಿದ್ದುದರಿಂದ ಮೂವರು ಪ್ರಯಾಣಿಕರಿಗೂ ಒಂದಿಷ್ಟು ಅಂಚೆಗೂ ಮಾತ್ರ ಜಾಗ ದೊರೆಯುತ್ತಿತ್ತು. ಶತ್ರುವಿನ ಕಿವಿಗೆ ಬೀಳಬಾರದೆಂದು ರೇಡಿಯೋ ಮೌನ ಪಾಲಿಸುತ್ತ, ಚಾಲಕರು ನಕ್ಷತ್ರಗಳನ್ನು ನೋಡಿ ದಿಕ್ಕು ಹಿಡಿಯುತ್ತಿದ್ದರು. ಹಾರಾಟ ಸಾಮಾನ್ಯವಾಗಿ 28 ಗಂಟೆಯಷ್ಟಿದ್ದು, ಒಮ್ಮೆ 32 ಗಂಟೆಯನ್ನೂ ಮೀರಿತು. ಒಂದೇ ಹಾರಾಟದಲ್ಲಿ ಎರಡು ಬಾರಿ ಸೂರ್ಯ ಹುಟ್ಟುವುದನ್ನು ಕಂಡವರಿಗೆ ‘ಎರಡು ಸೂರ್ಯೋದಯಗಳ ರಹಸ್ಯ ಸಂಘ’ದ ಪ್ರಮಾಣಪತ್ರ ಕೊಡಲಾಗುತ್ತಿತ್ತು. (ಇದೇ ಮಾದರಿಯ ವಿಮಾನಗಳು ಅದೇ ಯುದ್ಧಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಗೆ ದುರಸ್ತಿಗಾಗಿ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು.) ಸಾಗರವನ್ನು 271 ಸಲ ದಾಟಿದರೂ ಈ ಸೇವೆಯಲ್ಲಿ ಒಂದು ವಿಮಾನವೂ ಕಳೆದುಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದ ಸಾಲ-ಗುತ್ತಿಗೆ ಒಪ್ಪಂದದ ಷರತ್ತಿನಂತೆ ಆ ವಿಮಾನಗಳನ್ನು ಸಮುದ್ರದಲ್ಲೇ ಮುಳುಗಿಸಿದ್ದು ನೋವಿನ ಸಂಗತಿ, ಒಂದನ್ನಾದರೂ ಉಳಿಸಿಕೊಳ್ಳಬೇಕಾಗಿತ್ತು.

1947ರ ಡಿಸೆಂಬರ್ 1ರಂದು 29 ಪ್ರಯಾಣಿಕರೊಡನೆ ಸಿಡ್ನಿಯಿಂದ ಹೊರಟ ಕಾನ್ಸ್ಟಲೇಷನ್ ವಿಮಾನ ಡಾರ್ವಿನ್, ಸಿಂಗಾಪುರ, ಕಲ್ಕತ್ತ, ಕರಾಚಿ, ಕೈರೋ, ಟ್ರಿಪೋಲಿಗಳಲ್ಲಿ ಇಳಿಯುತ್ತ ನಾಲ್ಕು ದಿನಗಳಲ್ಲಿ ಲಂಡನ್ ತಲುಪಿತು. ಜೆಟ್ ವಿಮಾನಗಳು ಬಂದಮೇಲೆ ನಿಲ್ದಾಣಗಳು ಒಂದೊಂದಾಗಿ ಉದುರಿದವು. 2018ರಲ್ಲಿ ಪರ್ತ್–ಲಂಡನ್ ನಡುವಣ ಸುಮಾರು 14,500 ಕಿಲೋಮೀಟರ್ ದೂರಕ್ಕೆ ಎಲ್ಲಿಯೂ ನಿಲ್ಲದ ನಿತ್ಯಸೇವೆ ಆರಂಭವಾಯಿತು. ಲಂಡನ್ನಿನಿಂದ ಸಿಡ್ನಿಗೆ ನೇರವಾಗಿ ಹಾರಲು 1989ರ ಬೋಯಿಂಗ್ 747-400 ವಿಮಾನಕ್ಕೆ 20 ಗಂಟೆ 9 ನಿಮಿಷ ಬೇಕಾಗಿದ್ದರೆ, 2019ರ ಪ್ರಾಯೋಗಿಕ ಹಾರಾಟಕ್ಕೆ 19 ಗಂಟೆ 19 ನಿಮಿಷ ಸಾಕಾಯಿತು. ಮೂವತ್ತು ವರ್ಷಗಳಲ್ಲಿ ಉಳಿದದ್ದು 50 ನಿಮಿಷ. ಆ ಪ್ರಯೋಗಕ್ಕೆ ಇಟ್ಟ ‘ಪ್ರಾಜೆಕ್ಟ್ ಸನ್‌ರೈಸ್’ ಎಂಬ ಹೆಸರು ಕೊಗ್ಗಲದ ಆ ಹಾರಾಟಗಳಿಂದಲೇ ಬಂದದ್ದು.