ಸಿಗರೇಟು ಬಿಟ್ಟೆ ಅಂದವನ ಬಾಯಲ್ಲಿ ಏನಿದೆ?

(ಎಪಿಸೋಡ್‌ನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಲಾಗಿದೆ.)

 

ಕಾಲೇಜಿನ ದಿನಗಳಲ್ಲಿ ನಮ್ಮ ಗ್ಯಾಂಗಲ್ಲಿ ಒಬ್ಬ ಇದ್ದ. ಬಿಕಾಂ ಎರಡನೇ ವರ್ಷದಲ್ಲಿ ಘೋಷಣೆ ಮಾಡಿದ: "ಸಿಗರೇಟು ಬಿಟ್ಟೆ ಕಣ್ರೋ." ಎಲ್ಲರೂ ಭೇಷ್ ಅಂದ್ವಿ. ಒಂದು ವಾರ ಕಳೆದ ಮೇಲೆ ನೋಡಿದ್ರೆ ಜೇಬಲ್ಲಿ ಎರಡು ಪೊಟ್ಟಣ, ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ಜರ್ದಾ. ಕೇಳಿದ್ದಕ್ಕೆ, "ಇದರಲ್ಲಿ ಹೊಗೆ ಇಲ್ವಲ್ಲ, ಮನೇಲಿ ವಾಸನೆನೂ ಬರಲ್ಲ" ಅಂದ. ಕಾಮರ್ಸ್ ಭಾಷೇಲಿ ಹೇಳೋದಾದ್ರೆ ಅವನು ಸಾಲ ತೀರಿಸಿರಲಿಲ್ಲ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾಯಿಸಿದ್ದ, ಅಷ್ಟೆ.

ಈ "ವರ್ಗಾವಣೆ"ಗೆ 400 ವರ್ಷದ ಇತಿಹಾಸ ಇದೆ. ಇವತ್ತಿನ ಕಥೆ ಅದೇ. ಅದರಲ್ಲಿ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಬರೀ ನೋಡ್ತಾ ನಿಂತಿಲ್ಲ. ನಾವೂ ಪಾತ್ರಧಾರಿಗಳೇ.

ಶುರು ಮಾಡೋಣ ಬಿಜಾಪುರದಿಂದ. 1600ರ ದಶಕದ ಆರಂಭ. ಅಕ್ಬರನ ರಾಯಭಾರಿ ಅಸದ್ ಬೇಗ್ ಆದಿಲ್‌ಶಾಹಿ ರಾಜಧಾನಿಗೆ ಬಂದ. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಹೊಗೆಸೊಪ್ಪು, ಪೋರ್ಚುಗೀಸರ ಕೈಯಲ್ಲಿ ಸಮುದ್ರ ದಾಟಿ ಬಂದ ಬೆಳೆ. ಅವನು ಅದನ್ನೂ, ಜೊತೆಗೆ ಒಂದು ಅಲಂಕಾರದ ಕೊಳವೆಯನ್ನೂ ತಗೊಂಡು ಹೋಗಿ ಅಕ್ಬರನ ಮುಂದಿಟ್ಟ. ಬಾದಶಹ ಒಂದೆರಡು ದಮ್ ಎಳೆದ, ಆಸ್ಥಾನದ ವೈದ್ಯರು ಬೇಡ ಅಂದ್ರು. ಆದ್ರೆ ಚಟ ಅಷ್ಟರಲ್ಲಿ ಆಸ್ಥಾನದ ಹೊಸ್ತಿಲು ದಾಟಿತ್ತು. 1617ರಲ್ಲಿ ಜಹಾಂಗೀರ್ ನಿಷೇಧ ಹೇರಿದ. ನಿಷೇಧ ಕಾಗದದಲ್ಲಿ ಉಳೀತು, ಹೊಗೆ ಊರಲ್ಲಿ.

ಹೊಗೆಯನ್ನ ನೀರಲ್ಲಿ ಹಾಯಿಸಿದ್ರೆ ಶುದ್ಧ ಆಗುತ್ತೆ ಅನ್ನೋ ನಂಬಿಕೆ ಹುಕ್ಕಾದ ಬೆನ್ನಿಗೇ ಬಂತು. ಹೊಗೆಸೊಪ್ಪಿನ ಮಟ್ಟಿಗೆ "ಇದು ಸ್ವಲ್ಪ ಸೇಫ್" ಅನ್ನೋ ಹಳೇ ಮಾತುಗಳಲ್ಲಿ ಇದೂ ಒಂದು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಏನು ಹೇಳುತ್ತೆ ಗೊತ್ತಾ? ಒಂದು ಗಂಟೆ ಹುಕ್ಕಾ ಎಳೆದ್ರೆ ಒಳಗೆ ಹೋಗೋ ಹೊಗೆಯ ಗಾತ್ರ ಒಂದು ಸಿಗರೇಟಿನ 100ರಿಂದ 200 ಪಟ್ಟು. ನೀರು ಹೊಗೆಯನ್ನ ತಂಪು ಮಾಡುತ್ತೆ, ವಿಷ ತೆಗೆಯಲ್ಲ. ತಂಪಾದ ಹೊಗೆಯನ್ನ ಇನ್ನೂ ಆಳಕ್ಕೆ ಎಳೀಬಹುದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹುಕ್ಕಾ ನಿಷೇಧಿಸೋ ಹೊತ್ತಿಗೆ ಈ ನಂಬಿಕೆಗೆ ಶತಮಾನಗಳ ವಯಸ್ಸು.

ಎರಡನೇ ವರ್ಗಾವಣೆ ಫಿಲ್ಟರ್ ಸಿಗರೇಟು. 1950ರಲ್ಲಿ ಬ್ರಿಟನ್ನಿನ ಡಾಲ್ ಮತ್ತು ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಅಂತ ತೋರಿಸಿದ್ರು. ಜನ ಹೆದರಿದ್ರು. ಕಂಪನಿಗಳು ತುದಿಗೆ ಹತ್ತಿ ತರದ ತುಂಡು ಇಟ್ಟು ಮಾರಿದ್ವು, ಆಮೇಲೆ "ಲೈಟ್" ಅಂದ್ವು. ಸೇದೋರು ನಿಕೋಟಿನ್ ಸಾಲದೆ ಜೋರಾಗಿ ಎಳೆದ್ರು. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವರದಿ, ಇದರಿಂದ ಜನರ ಆರೋಗ್ಯಕ್ಕೆ ಲಾಭ ಆಗಿದ್ದಕ್ಕೆ ಪುರಾವೆ ಇಲ್ಲ ಅಂತು.

ಈಗ ನಮ್ಮೂರಿಗೆ ಬರೋಣ. ಇಕ್ಕೇರಿ ಸಾಗರ ತಾಲ್ಲೂಕಲ್ಲಿದೆ, ಬಿದನೂರು ನಗರ ಹೊಸನಗರದಲ್ಲಿ. ಎರಡೂ ಕೆಳದಿ ಅರಸರ ರಾಜಧಾನಿಗಳು. 17ನೇ ಶತಮಾನದಲ್ಲಿ ಶಿವಪ್ಪ ನಾಯಕ ತನ್ನ "ಶಿಸ್ತು" ಕಂದಾಯ ಪದ್ಧತಿ ತಂದಾಗ ಅಡಿಕೆ ತೋಟಕ್ಕೆ ಮರದ ಲೆಕ್ಕದಲ್ಲಿ ತೆರಿಗೆ. ಅಂದ್ರೆ ಆಗಲೇ ಅಡಿಕೆ ಈ ಸೀಮೆಯ ಖಜಾನೆ. ಇವತ್ತೂ ಅಷ್ಟೆ. ನಮ್ಮ ಮನೇಲಿ ನನ್ನ ಕಾಲೇಜು ಫೀಸು, ತಂಗಿ ಮದುವೆ, ಈ ಪಾಡ್‌ಕಾಸ್ಟಿನ ಮೈಕು, ಎಲ್ಲವೂ ರಾಶಿ ಇಡಿಯ ದುಡ್ಡು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನ ಮಾತು ನನಗೂ ಕಷ್ಟದ್ದೇ.

ಅಜ್ಜನ ಕವಳ ಬೇರೆ, ಪೊಟ್ಟಣ ಬೇರೆ ಅಂತ ನಾವೆಲ್ಲ ಹೇಳ್ತೀವಿ. ಒಂದು ಮಟ್ಟಿಗೆ ನಿಜ. ಗುಟ್ಕಾ ಅಂದ್ರೆ ಅಡಿಕೆ, ಸುಣ್ಣ, ಕಾಚು, ತಂಬಾಕು, ಪರಿಮಳ ಎಲ್ಲ ಸೇರಿಸಿ ಒಣಗಿಸಿದ್ದು. ಸಂಚಿ ಬೇಡ, ಎಲೆ ಬೇಡ, ಅಡಿಕೆ ಕತ್ತರಿಸೋ ಅಡಕತ್ತರಿ ಬೇಡ. ಹಲ್ಲಲ್ಲಿ ಹರಿದು ಬಾಯಿಗೆ ಸುರಿದ್ರಾಯ್ತು. ಸಣ್ಣ ಪೊಟ್ಟಣ, ಚಿಲ್ಲರೆ ಕಾಸು, ಶಾಲೆ ಹುಡುಗನ ಕೈಗೂ ಎಟುಕೋ ರೇಟು. ಕವಳ ಊಟ ಆದ ಮೇಲಿನದಾಗಿತ್ತು. ಪೊಟ್ಟಣಕ್ಕೆ ಹೊತ್ತುಗೊತ್ತಿಲ್ಲ.

ಆದ್ರೆ ವಿಜ್ಞಾನ ಅಜ್ಜನ ಕವಳಕ್ಕೂ ವಿನಾಯಿತಿ ಕೊಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1985ರಲ್ಲಿ, ತಂಬಾಕು ಸೇರಿದ ಎಲೆಅಡಿಕೆ ಕ್ಯಾನ್ಸರ್ ತರುತ್ತೆ, ತಂಬಾಕು ಇಲ್ಲದ್ದಕ್ಕೆ ಪುರಾವೆ ಸಾಲದು ಅಂದಿತ್ತು. 2004ರಲ್ಲಿ ಪುರಾವೆ ಸಾಕು ಅಂತು. ತಂಬಾಕು ಇಲ್ಲದ ಎಲೆಅಡಿಕೆ ಮೊದಲ ಗುಂಪಿಗೆ ಹೋಯ್ತು, ಅಡಿಕೆಯೂ ಹೋಯ್ತು. ಅದೇ ಘಟಕದವರ 2024ರ ಅಂದಾಜು: 2022ರಲ್ಲಿ ಜಗತ್ತಿನ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ. ಅದರಲ್ಲಿ 83,400 ಭಾರತದ್ದು.

ಕ್ಯಾನ್ಸರಿಗೆ ಮುಂಚೆ ಇನ್ನೊಂದು ಬರುತ್ತೆ. ಕೆನ್ನೆಯ ಒಳಪದರ ಗಟ್ಟಿಯಾಗಿ, ನಾರುನಾರಾಗಿ, ಬಾಯಿ ತೆರೆಯೋಕೆ ಆಗದ ಸ್ಥಿತಿ. ಡಾಕ್ಟರುಗಳು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಅದಕ್ಕೆ ತಂಬಾಕೇ ಬೇಕಂತಿಲ್ಲ, ಅಡಿಕೆ ಸಾಕು. ನಮ್ಮ ದೊಡ್ಡಪ್ಪ ಊಟದ ಪಂಕ್ತಿಯಲ್ಲಿ ಉಪ್ಪಿನಕಾಯಿ ಬೇಡ ಅನ್ನೋಕೆ ಶುರು ಮಾಡಿದಾಗ ವಯಸ್ಸಾಯ್ತು ಅಂದ್ಕೊಂಡ್ವಿ. ಆಮೇಲೆ ಅನ್ನದ ತುತ್ತು ಚಿಕ್ಕದಾಯ್ತು. ಕೊನೆಗೆ ಬಾಯಲ್ಲಿ ಎರಡು ಬೆರಳೂ ಹೋಗ್ತಿರಲಿಲ್ಲ. ದೊಡ್ಡಪ್ಪ ಜೀವನದಲ್ಲಿ ಒಂದು ಬೀಡಿ ಸೇದಿದವರಲ್ಲ. ಅದು ಅವರ ಹೆಮ್ಮೆಯಾಗಿತ್ತು.

2013ರ ಮೇ 31ಕ್ಕೆ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯ್ತು. ಮಲೆನಾಡಲ್ಲಿ ದಿಗಿಲು ಬಿತ್ತು. ನಮ್ಮ ಕೆಂಪಡಿಕೆ ಹೆಚ್ಚಾಗಿ ಹೋಗೋದೇ ಉತ್ತರ ಭಾರತದ ಪಾನ್ ಮಸಾಲಾ, ಗುಟ್ಕಾ ಫ್ಯಾಕ್ಟರಿಗಳಿಗೆ. ಬೆಳೆಗಾರರು ಪ್ರತಿಭಟಿಸಿದ್ರು. ಆದ್ರೆ ಮರುವರ್ಷ ಅಡಿಕೆ ದರ ಕುಸಿಯೋ ಬದಲು ದಾಖಲೆ ಎತ್ತರಕ್ಕೆ ಏರಿತು! ಇತ್ತ ಅಂಗಡಿಯಲ್ಲಿ ಒಂದು ಪೊಟ್ಟಣ ಎರಡಾಯ್ತು. ಮಸಾಲಾ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ, ಬೆರೆಸೋ ಕೆಲಸ ಗಿರಾಕಿಯ ಅಂಗೈಗೆ. ನನ್ನ ಗೆಳೆಯನ ಜೇಬಲ್ಲಿ ಇದ್ದದ್ದು ಇದೇ.

ಕೊನೆಯ ವರ್ಗಾವಣೆ ನಮ್ಮ ವಯಸ್ಸಿನೋರದ್ದು, ವೇಪ್. 2003ರ ಹೊತ್ತಿಗೆ ಚೀನಾದ ಹೊನ್ ಲಿಕ್ ಅನ್ನೋ ಫಾರ್ಮಸಿಸ್ಟ್ ಇದಕ್ಕೆ ಇವತ್ತಿನ ರೂಪ ಕೊಟ್ಟ. ಕರ್ನಾಟಕ 2016ರಲ್ಲೇ ನಿಷೇಧಿಸಿತು, ಇಡೀ ದೇಶ 2019ರಲ್ಲಿ. ಮಾರಿ ಸಿಕ್ಕಿಬಿದ್ರೆ ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ನ್ಯಾಯವಾಗಿ ಹೇಳಬೇಕು: ಬ್ರಿಟನ್ ಥರದ ದೇಶಗಳಲ್ಲಿ ಸಿಗರೇಟು ಬಿಡೋಕೆ ಇದನ್ನ ಬಳಸ್ತಾರೆ. ಆದ್ರೆ ಅವರೂ "ಸಿಗರೇಟಿಗಿಂತ ಕಡಿಮೆ ಹಾನಿ" ಅಂತಾರೆಯೇ ಹೊರತು "ಹಾನಿ ಇಲ್ಲ" ಅನ್ನಲ್ಲ, ಸೇದದೇ ಇರೋರು ಶುರು ಮಾಡಿ ಅಂತಲೂ ಹೇಳಲ್ಲ. ಇಲ್ಲಿ ಸಿಗೋದು ಕದ್ದು ಬಂದ ಮಾಲು, ಒಳಗೇನಿದೆ ಅಂತ ಯಾರೂ ಪರೀಕ್ಷೆ ಮಾಡಿಲ್ಲ. ಅಮೆರಿಕದಲ್ಲಿ 2019-20ರಲ್ಲಿ ವೇಪಿಂಗಿನಿಂದ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು 2,807 ಜನ. ಅವರಲ್ಲಿ ಸತ್ತವರು 68. ಮುಖ್ಯ ಕಾರಣ ಗಾಂಜಾ ಅಂಶದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಬಹಳಷ್ಟು ಜನ ಅದನ್ನ ಕೊಂಡದ್ದು ಕಳ್ಳ ಮಾರುಕಟ್ಟೆಯಿಂದ, ಗೆಳೆಯರ ಕೈಯಿಂದ.

ಹಾಗಾದ್ರೆ ಬದಲಿ ಅನ್ನೋದೇ ಇಲ್ವಾ? ಇದೆ. ನಿಕೋಟಿನ್ ಗಮ್, ಪ್ಯಾಚ್. ವ್ಯತ್ಯಾಸ ಎಲ್ಲಿದೆ ಅಂದ್ರೆ, ಅದರಲ್ಲಿ ಡೋಸ್ ಇದೆ, ದಿನದಿಂದ ದಿನಕ್ಕೆ ಇಳಿಸೋ ಲೆಕ್ಕ ಇದೆ, ಮುಗಿಯೋ ದಿನಾಂಕ ಇದೆ. ಡಾಕ್ಟರನ್ನ ಕೇಳಿ ತಗೊಳ್ಳಿ. ಉಳಿದ ಯಾವ "ಬದಲಿ"ಗೂ ಮುಗಿಯೋ ದಿನಾಂಕ ಇರಲ್ಲ. ಇದೊಂದೇ ಪ್ರಶ್ನೆ ಕೇಳಿ: ಇದು ನನ್ನ ಚಟ ಮುಗಿಸುತ್ತಾ, ಮುಂದಕ್ಕೆ ಹಾಕುತ್ತಾ?

ಬೆಳೆಗಾರರ ಮಾತು? ಎಲೆಚುಕ್ಕಿ ರೋಗದಿಂದ ತೋಟ ಒಣಗ್ತಿರೋ ಹೊತ್ತಲ್ಲಿ ಅಡಿಕೆ ಬಗ್ಗೆ ಕೆಟ್ಟ ಮಾತಾಡ್ತೀಯಾ ಅಂತ ಅಪ್ಪಯ್ಯನೇ ಕೇಳ್ತಾರೆ. ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ತೋಟದ ಭವಿಷ್ಯದ ಪ್ರಶ್ನೆ ದೊಡ್ಡದು, ಅದನ್ನ ಸರ್ಕಾರ, ಸಹಕಾರ ಸಂಘಗಳು, ನಾವು ಎಲ್ಲ ಸೇರಿ ಕೂತು ಬಿಡಿಸಬೇಕು. ಆದ್ರೆ ದರ ಬಿದ್ದೀತು ಅಂತ ಹೆದರಿ ದೊಡ್ಡಪ್ಪನ ಬಾಯಿ ಯಾಕೆ ಮುಚ್ಚಿತು ಅಂತ ಹೇಳದೇ ಇರೋಕೆ ನನಗೆ ಆಗಲ್ಲ.

ಕೇಳ್ತಿರೋರಿಗೆ ಒಂದು ಸಣ್ಣ ಕೆಲಸ. ಕನ್ನಡಿ ಮುಂದೆ ನಿಂತು ಬಾಯಿ ತೆರೆದು, ನಿಮ್ಮದೇ ಮೂರು ಬೆರಳು ಮೇಲೆ ಕೆಳಗೆ ಜೋಡಿಸಿ ಒಳಗಿಡಿ. ಹೋಗ್ತಿಲ್ಲ ಅಂದ್ರೆ, ಅಥವಾ ಖಾರ ತಿಂದ್ರೆ ಉರಿ, ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ ಇದ್ರೆ ಈ ವಾರವೇ ದಂತವೈದ್ಯರಿಗೆ ತೋರಿಸಿ. ತಂಬಾಕು ಬಿಡಬೇಕು ಅನ್ನೋರಿಗೆ ಕೇಂದ್ರ ಸರ್ಕಾರದ ಉಚಿತ ಕ್ವಿಟ್‌ಲೈನ್ ಇದೆ: 1800 11 2356.

ಅಂದ ಹಾಗೆ ಆ ಗೆಳೆಯ ಈ ಎಪಿಸೋಡ್ ರೆಕಾರ್ಡ್ ಮಾಡೋ ಮುಂಚೆ ಫೋನಲ್ಲಿ ಸಿಕ್ಕಿದ್ದ. ಎರಡೂ ಪೊಟ್ಟಣ ಬಿಟ್ಟು ಐದು ತಿಂಗಳಾಯ್ತಂತೆ. "ಈಗ ಏನು ಹಾಕ್ತಿದೀಯ?" ಅಂದೆ. "ಏನೂ ಇಲ್ಲ ಮಾರಾಯ, ಬರೀ ಬಾಯಿ" ಅಂದ.

ಮುಂದಿನ ವಾರ ಸಿಗೋಣ.