ನಂದಿಯ ನೀರು ಕುಡಿದವರು ನಾವು

ಬೆಂಗಳೂರು ಏರ್‌ಪೋರ್ಟ್‌ನಿಂದ ಹೊರಗೆ ಬಂದ ಕಾರುಗಳು ಎತ್ತ ತಿರುಗುತ್ತವೆ? ದಕ್ಷಿಣಕ್ಕೆ. ಯಲಹಂಕ, ಹೆಬ್ಬಾಳ, ಆಮೇಲೆ ಟ್ರಾಫಿಕ್ಕು. ಅಲ್ಲೇ 108 ಅಡಿ ಎತ್ತರದ ಕೆಂಪೇಗೌಡರು ನಿಂತಿದ್ದಾರೆ. ಒಂದು ಸೆಲ್ಫಿ ತೆಗೆದುಕೊಳ್ತೀವಿ, ಹೊರಡ್ತೀವಿ. ಆ ಕೆಂಪೇಗೌಡರ ಮನೆತನದ ಬೇರು ಎಲ್ಲಿದೆ ಅಂತ ಕೇಳಿದ್ರೆ ಎಷ್ಟು ಜನ ಉತ್ತರ ಹೇಳ್ತೀವಿ? ಅದಕ್ಕೆ ಕಾರನ್ನು ಒಂದು ಸಲ ಉತ್ತರಕ್ಕೂ ತಿರುಗಿಸಬೇಕು ಸ್ವಾಮಿ. ದ್ರಾಕ್ಷಿ ಸುಗ್ಗಿಯ ಹೊತ್ತಿನ ಒಂದು ಭಾನುವಾರ ನಾನು ತಿರುಗಿಸಿದೆ.

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ದಾರಿಯಲ್ಲಿ ಕೆಲವೇ ಕಿಲೋಮೀಟರ್ ಹೋದರೆ ಆವತಿ ಅನ್ನೋ ಊರು. ಕಂಚಿಯ ಸೀಮೆಯಿಂದ ಜೀವ, ಮಾನ ಉಳಿಸಿಕೊಳ್ಳಲು ಗಾಡಿ ಕಟ್ಟಿಕೊಂಡು ಬಂದ ಮೊರಸು ಒಕ್ಕಲಿಗರ ಕುಟುಂಬಗಳು ಇಲ್ಲಿ ಬೀಡುಬಿಟ್ಟವು ಎಂಬುದು ಪ್ರತೀತಿ. ಅವರ ಮುಂದಾಳು ರಣಭೈರೇಗೌಡ. ಆ ಬಳಗದಿಂದಲೇ ಕವಲೊಡೆದು ಯಲಹಂಕಕ್ಕೆ ಹೋದವರು ಯಲಹಂಕ ನಾಡಪ್ರಭುಗಳಾದರು. ಅದೇ ಮನೆತನದ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು. ಅಂದರೆ ಏನಾಯ್ತು? ನಾವು ಬೆಂಗಳೂರಿನ ಹೊರವಲಯ ಅಂತ ಕರೆಯೋ ಜಾಗ ನಿಜವಾಗಿ ಬೆಂಗಳೂರಿನ ತವರುಮನೆ.

ಬೆಂಗಳೂರಿಗೆ ಗುದ್ದಲಿ ಬೀಳುವ 36 ವರ್ಷ ಮೊದಲು, 1501ರಲ್ಲಿ, ಆವತಿಯ ಮಲ್ಲಭೈರೇಗೌಡ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿದ. 1749ರಲ್ಲಿ ಮೈಸೂರಿನ ನಂಜರಾಜಯ್ಯ ಅದನ್ನು ಮುತ್ತಿದಾಗ, ಅಣ್ಣನ ತುಕಡಿಯ ಜೊತೆ ಬಂದಿದ್ದ ಒಬ್ಬ ಸವಾರ ಎಲ್ಲರ ಕಣ್ಣಿಗೆ ಬಿದ್ದ. ಹೆಸರು ಹೈದರ್. ಅವನ ಭಾಗ್ಯದ ಬಾಗಿಲು ತೆರೆದದ್ದು ಈ ಕೋಟೆಯ ಮುಂದೆ. ಆಮೇಲೆ ಇದೇ ಊರಲ್ಲಿ ಅವನ ಮಗ ಟಿಪ್ಪು ಹುಟ್ಟಿದ. ಮಣ್ಣಿನ ಗೋಡೆ ಕಲ್ಲಿನ ಗೋಡೆಯಾದದ್ದು ಈ ಅಪ್ಪ-ಮಗನ ಕಾಲದಲ್ಲಿ.

ಟಿಪ್ಪು ಹೆಸರೆತ್ತಿದರೆ ನಮ್ಮ ಸ್ಟುಡಿಯೋಗಳಲ್ಲಿ ಗಂಟೆಗಟ್ಟಲೆ ಜಗಳ ಆಗುತ್ತೆ. ಅವನು ಹುಟ್ಟಿದ ಜಾಗ ನೋಡಿದವರೆಷ್ಟು? ಕೋಟೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕಲ್ಲಿನ ಕಂಬಗಳ ಒಂದು ಪುಟ್ಟ ಮಂಟಪ, ಒಂದು ಕಲ್ಲಿನ ಫಲಕ. ಅಷ್ಟೇ. ಕೋಟೆಯೊಳಗೆ ವೇಣುಗೋಪಾಲಸ್ವಾಮಿ ದೇವಸ್ಥಾನ, ಅದರ ಗೋಡೆಯ ಮೇಲೆ ರಾಮಾಯಣದ, ಕೃಷ್ಣಲೀಲೆಯ ಶಿಲ್ಪಗಳು. ಸುತ್ತ ಮನೆಗಳು, ಬಟ್ಟೆ ಒಣಹಾಕಿದ ಹಗ್ಗ, ಆಡುವ ಮಕ್ಕಳು. ಐನೂರು ವರ್ಷದ ಈ ಗೋಡೆಯೊಳಗೆ ಇವತ್ತೂ ಸಂಸಾರ ನಡೀತಿದೆ.

1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸ್ ಕೈಗೆ ಬಿತ್ತು. ಅವನು ನೇರ ಹೊರಟದ್ದು ಉತ್ತರಕ್ಕೆ. ದೇವನಹಳ್ಳಿ ಹೋಯ್ತು, ಅಕ್ಟೋಬರ್‌ನಲ್ಲಿ ನಂದಿದುರ್ಗವೂ ಹೋಯ್ತು. ಟಿಪ್ಪು ಗಟ್ಟಿ ಮಾಡಿಸಿದ್ದ ಆ ಬೆಟ್ಟದ ಮೇಲೆ ಆಮೇಲೆ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳು ಎದ್ದವು. ಕಬ್ಬನ್ ಸಾಹೇಬರ ಬೇಸಿಗೆಮನೆ ಇದ್ದದ್ದು ಅಲ್ಲೇ.

ಕೋಟೆಯಿಂದ ಬೆಟ್ಟದ ಕಡೆಗೆ ಹೊರಟರೆ ಎರಡೂ ಕಡೆ ಕಲ್ಲುಕಂಬ, ತಂತಿ, ಅದರ ಮೇಲೆ ದ್ರಾಕ್ಷಿ ಚಪ್ಪರ. ಕಪ್ಪು-ನೀಲಿ ಗೊಂಚಲು, ಒಂದು ಹಣ್ಣು ಬಾಯಿಗೆ ಹಾಕಿದರೆ ಘಮ ಮೂಗಿಗೇರುತ್ತೆ. ಅದು ಬೆಂಗಳೂರು ಬ್ಲೂ. ಮೂಲ ಅಮೆರಿಕದ್ದು, ಈಗ ಈ ಮಣ್ಣಿನದ್ದೇ ಆಗಿ ಜಿಐ ಟ್ಯಾಗ್ ಪಡೆದಿದೆ. ಜೊತೆಗೆ ದಿಲ್‌ಖುಷ್. 1988ರಲ್ಲಿ ಕನ್ವಲ್ ಗ್ರೋವರ್ ಅನ್ನೋ ಉದ್ಯಮಿ ಫ್ರಾನ್ಸಿನ ವೈನ್ ತಳಿಗಳನ್ನು ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬಳಿ ಬೆಳೆಯಲು ಕಂಪನಿ ಕಟ್ಟಿದರು. ತಂಪು ರಾತ್ರಿ, ಎತ್ತರದ ನೆಲ, ನೀರು ನಿಲ್ಲದ ಕೆಂಪುಮಣ್ಣು, ಬಳ್ಳಿ ಹಿಡಿಯಿತು. 2007ರ ರಾಜ್ಯದ ವೈನ್ ನೀತಿಯಲ್ಲಿ ಕೃಷ್ಣಾ ಕಣಿವೆಯ ಜೊತೆ ನಂದಿ ಕಣಿವೆಯ ಹೆಸರೂ ಸೇರಿತು. ಈಗ ವಾರಾಂತ್ಯಕ್ಕೆ ಬೆಂಗಳೂರಿಗರು ಬರ್ತಾರೆ, ತೋಟ ನೋಡ್ತಾರೆ, ಗ್ಲಾಸು ಎತ್ತುತ್ತಾರೆ. ಎತ್ತಲಿ, ನನ್ನ ತಕರಾರಿಲ್ಲ.

ನನ್ನ ಪ್ರಶ್ನೆ ಬೇರೆ. ಈ ಬಳ್ಳಿಗೆ ನೀರು ಎಲ್ಲಿಂದ?

ನಂದಿ ಬೆಟ್ಟಸಾಲು ನದಿಗಳ ತವರು. ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಎಲ್ಲ ಈ ಸೀಮೆಯ ಮಕ್ಕಳೇ. ಆದರೆ ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಇಲ್ಲಿನ ರೈತ ಬದುಕಿದ್ದು ಕೆರೆಯಿಂದ, ಕೆರೆ ಒಣಗಿದ ಮೇಲೆ ಬೋರ್‌ವೆಲ್‌ನಿಂದ. ಬೋರು ಆಳಕ್ಕೆ ಇಳಿದಂತೆ ರೈತನೂ ಸಾಲದ ಆಳಕ್ಕೆ ಇಳಿದ.

ಇನ್ನು ಬೆಂಗಳೂರಿನ ಕಥೆ ಕೇಳಿ. ನಗರಕ್ಕೆ ನಲ್ಲಿ ನೀರು ಬಂದದ್ದು 1896ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ. ಎಲ್ಲಿಂದ? ಯಲಹಂಕದ ಪಕ್ಕದ ಹೆಸರಘಟ್ಟ ಕೆರೆಯಿಂದ. ಆ ಕೆರೆ ತುಂಬಿಸಿದ್ದು ಯಾರು? ನಂದಿಯಲ್ಲಿ ಹುಟ್ಟಿದ ಅರ್ಕಾವತಿ. 1925ರಲ್ಲಿ ಹೆಸರಘಟ್ಟ ಒಣಗಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ಅದೂ ಅರ್ಕಾವತಿಯ ಮೇಲೆಯೇ! ಕಾವೇರಿ ಬರುವ ತನಕ ಈ ಮಹಾನಗರದ ಬಾಯಾರಿಕೆ ತಣಿಸಿದ್ದು ನಂದಿಯ ಹೊಳೆ.

ಈಗ ನೀರಿನ ದಿಕ್ಕು ಬದಲಾಗಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ಕೇಳಿದ್ದೀರಲ್ಲ? ನಾವು ಸ್ನಾನ ಮಾಡಿ, ಪಾತ್ರೆ ತೊಳೆದು, ಫ್ಲಶ್ ಮಾಡಿ ಬಿಟ್ಟ ನೀರನ್ನು ಶುದ್ಧೀಕರಿಸಿ, ಪೈಪಿನಲ್ಲಿ ಉತ್ತರಕ್ಕೆ ಹತ್ತಿಸಿ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ತುಂಬಿಸುವ ಯೋಜನೆ. 65 ಕೆರೆಗಳ ಲೆಕ್ಕ. ಒಣಗಿದ್ದ ಕೆರೆಗಳಲ್ಲಿ ನೀರು ಕಾಣಿಸಿದೆ, ಅದನ್ನು ಅಲ್ಲಗಳೆಯಬೇಡಿ. ಆದರೆ ಆ ನೀರಿಗೆ ಆಗುವುದು ಎರಡು ಹಂತದ ಶುದ್ಧೀಕರಣ ಮಾತ್ರ. ಮೂರನೇ ಹಂತವನ್ನೂ ಮಾಡಿ ಅಂತ ಆ ಭಾಗದ ಜನ ವರ್ಷಗಳಿಂದ ಬೀದಿಗಿಳಿದು ಕೇಳ್ತಿದ್ದಾರೆ. ಕೆರೆಯಿಂದ ಇಂಗಿದ ನೀರೇ ನಾಳೆ ಬೋರಿನಲ್ಲಿ ಬರೋದು. ಅದನ್ನೇ ಮಕ್ಕಳು ಕುಡಿಯೋದು, ಬಳ್ಳಿ ಕುಡಿಯೋದು. ಅವರ ಭಯದಲ್ಲಿ ತಪ್ಪೇನಿದೆ?

ನೀರಾಯ್ತು, ಇನ್ನು ನೆಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಕೈಗಾರಿಕೆಗೆ ಬೇಕು ಅಂದಿತು ಸರ್ಕಾರ. ದ್ರಾಕ್ಷಿ, ರಾಗಿ, ತರಕಾರಿ, ರೇಷ್ಮೆ ಬೆಳೆಯುವ ಜನ ಕೊಡಲ್ಲ ಅಂತ ಕೂತರು. ಮೂರು ವರ್ಷಕ್ಕೂ ಹೆಚ್ಚು ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಬೇಕಾಯಿತು. ನಂಜರಾಜಯ್ಯ, ಕಾರ್ನ್‌ವಾಲಿಸ್ ಎಲ್ಲರ ಮುತ್ತಿಗೆಗೂ ಮಣಿದಿದ್ದ ಊರು ಇದು. ಈ ಸಲ ಕೋಟೆಯೂ ಇಲ್ಲದೆ, ಕತ್ತಿಯೂ ಇಲ್ಲದೆ, ಬರೀ ಶಾಮಿಯಾನದ ಕೆಳಗೆ ಕೂತು ಗೆದ್ದಿತು.

ಒಂದು ಮಾತು ನೆನಪಿಟ್ಟುಕೊಳ್ಳಿ. ಈ ಕಣಿವೆ ಬೆಂಗಳೂರಿಗೆ ಏನೇನು ಕೊಟ್ಟಿದೆ? ಕಟ್ಟಿದ ಮನೆತನ ಕೊಟ್ಟಿತು. ಕುಡಿಯೋ ನೀರು ಕೊಟ್ಟಿತು. ವಿಮಾನ ಇಳಿಯೋಕೆ ನೆಲ ಕೊಟ್ಟಿತು. ತನ್ನ ಹಣ್ಣಿಗೆ ನಮ್ಮೂರಿನ ಹೆಸರನ್ನೇ ಇಟ್ಟುಕೊಂಡಿತು. ನಾವು ವಾಪಸ್ ಕೊಟ್ಟಿದ್ದು ಕೊಳಚೆ ನೀರು, ಅದೂ ಅರ್ಧ ತೊಳೆದದ್ದು. ಸರ್ಕಾರ ಮೂರನೇ ಹಂತದ ಶುದ್ಧೀಕರಣ ಮಾಡಲೇಬೇಕು. ಅದು ಆ ಜಿಲ್ಲೆಗಳ ಮೇಲೆ ತೋರಿಸುವ ದಯೆಯಲ್ಲ ಸ್ವಾಮಿ, 1896ರಿಂದ ಬಾಕಿ ಇರೋ ಬಿಲ್ಲು!